ಮಗುವಿನ ಪರವಾಗಿ ಒಂದು ಸಹಿ

ಹೆತ್ತವರಿಗೆ ಮಕ್ಕಳ ಮೇಲೆ ಎಷ್ಟು ಹಕ್ಕಿದೆ? ಮಗ ಯಾವ ಕಾಲೇಜು ಸೇರಬೇಕು, ಮಗಳು ಯಾರನ್ನು ಮದುವೆಯಾಗಬೇಕು ಎಂಬ ಮಾತು ಬಂದಾಗ ಈ ಪ್ರಶ್ನೆ ಎಲ್ಲರ ಮನೆಯಲ್ಲೂ ಏಳುತ್ತದೆ. ಆ ಹೊತ್ತಿಗೆ ಮಕ್ಕಳು ನಮ್ಮೊಡನೆ ವಾದಿಸುವಷ್ಟು ಬೆಳೆದಿರುತ್ತಾರೆ. ವಾದಿಸಲು ಬಾರದ, 'ಬೇಡ' ಎಂಬ ಒಂದೇ ಮಾತು ಬಲ್ಲ ಕೂಸಿನ ವಿಷಯದಲ್ಲಿ ನಮ್ಮ ಹಕ್ಕು ಎಲ್ಲಿಯವರೆಗೆ? ನನಗೆ ಈ ಪ್ರಶ್ನೆ ಎದುರಾದದ್ದು ಮಗಳ ಎಡಗಣ್ಣಿನ ಶಸ್ತ್ರಚಿಕಿತ್ಸೆಯ ಕಾಲದಲ್ಲಿ. ಆಗ ಅವಳಿಗೆ ಮೂರೂವರೆ ವರ್ಷ.

ಪೊರೆ ಎಂದರೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಮಲಗಿದ ಮುದುಕ ಮುದುಕಿಯರು. ಮಕ್ಕಳಿಗೂ ಪೊರೆ ಬರುತ್ತದೆ. ಮುದುಕರ ಪೊರೆ ನಾಲ್ಕು ತಿಂಗಳು ಕಾದೀತು, ಮಕ್ಕಳದು ಕಾಯುವುದಿಲ್ಲ. ನೋಡುವುದನ್ನು ಕಲಿಯಬೇಕಾದದ್ದು ಮಿದುಳು, ಅದು ಕಲಿಯುವುದು ಎಳೆಯ ವಯಸ್ಸಿನಲ್ಲೇ. ಆಗ ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ ಹೋಗದಿದ್ದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಮುಂದೆ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ನಡೆಸಿ ಇದರ ಮರ್ಮ ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂದಿತು. ಮಗಳು ದೊಡ್ಡವಳಾಗಿ ತಾನೇ ನಿರ್ಧರಿಸಲಿ ಎಂದು ಬಿಡುವಂತಿರಲಿಲ್ಲ.

ಒಪ್ಪಿಗೆ ಪತ್ರ ತಂದವರು, "ತಂದೆ ಬರಲಿ, ಅವರ ಸಹಿ ಬೇಕು" ಎಂದರು. ನಮ್ಮವರು ಔಷಧಿ ತರಲು ಹೋಗಿದ್ದರು. ತಾಯಿಯ ಸಹಿ ಸಾಕೆಂದು ವೈದ್ಯರೇ ಬಂದು ಹೇಳಬೇಕಾಯಿತು. ಓದುಗ ಸೋದರಿಯರು ಇದನ್ನು ತಿಳಿದಿರುವುದು ಒಳ್ಳೆಯದು. 1956ರ ಹಿಂದೂ ಪಾಲಕತ್ವದ ಕಾಯಿದೆಯಲ್ಲಿ 'ತಂದೆ, ಅವನ ನಂತರ ತಾಯಿ' ಎಂದಿದೆ. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನ ಗೈರುಹಾಜರಿಯಲ್ಲಿಯೂ ತಾಯಿ ಪಾಲಕಳೇ ಎಂದು ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಹೇಳಿತು.

ಕಾನೂನು ಸಹಿಯ ಅಧಿಕಾರ ಕೊಟ್ಟಿತು, ಸರಿ. ಆದರೆ ಆ ಬೆಳಿಗ್ಗೆ ಅರಿವಳಿಕೆಗಾಗಿ ಹೊಟ್ಟೆ ಖಾಲಿ ಇರಬೇಕೆಂದು ಹಾಲು ಕೊಡದೆ ಕೂರಿಸಿದ್ದ ಮಗು, "ಅಮ್ಮಾ, ಮನೆಗೆ ಹೋಗೋಣ" ಎಂದು ಸೆರಗು ಜಗ್ಗುತ್ತಿದ್ದಳು. "ಜಾತ್ರೆಗೆ ಹೋಗ್ತಿದೀವಿ ಅನ್ನು, ಸುಮ್ಮನಾಗ್ತಾಳೆ" ಎಂದರು ನಮ್ಮತ್ತೆ. ಅವರದೂ ಪ್ರೀತಿಯೇ. ನಾನು ಮಾತ್ರ, "ಕಣ್ಣಿಗೆ ಆಪರೇಷನ್ ಮಾಡ್ತಾರೆ. ಆಗ ನಿದ್ದೆ ಬರುತ್ತೆ. ಎದ್ದ ಮೇಲೆ ಸ್ವಲ್ಪ ನೋಯುತ್ತೆ. ನಾನು ಹೊರಗೇ ಕೂತಿರ್ತೀನಿ" ಎಂದೆ. ಅವಳ ಅಳು ಕಡಿಮೆಯಾಗಲಿಲ್ಲ. ನಿಜ ಹೇಳುವುದು ನೋವಿಗೆ ಮದ್ದಲ್ಲ. ಆದರೆ ಮುಂದಿನ ದಿನಗಳಲ್ಲಿ ಅವಳು ನನ್ನ ಮಾತನ್ನು ನಂಬಬೇಕಿತ್ತು.

ಏಕೆಂದರೆ ಶಸ್ತ್ರಚಿಕಿತ್ಸೆ ಬರಿಯ ಆರಂಭ. ಪೊರೆ ತೆಗೆದು ಕೃತಕ ಮಸೂರ ಇಟ್ಟರು. ಆಮೇಲೆ ಕನ್ನಡಕ. ಜೊತೆಗೆ, ಎಡಗಣ್ಣು ಕೆಲಸ ಕಲಿಯಲೆಂದು ಚೆನ್ನಾಗಿ ಕಾಣುವ ಬಲಗಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಬೇಕು. ವೈದ್ಯರು ಕತ್ತರಿ ಹಿಡಿದಾಗ ಅವಳು ನಿದ್ದೆಯಲ್ಲಿದ್ದಳು. ನಾನು ಪಟ್ಟಿ ಅಂಟಿಸುವಾಗ ಎಚ್ಚರವಾಗಿ, ಅಳುತ್ತಾ, ನನ್ನನ್ನೇ ನೋಡುತ್ತಿದ್ದಳು. ಬಾಗಿಲುವಾಡಕ್ಕೆ ಹಣೆ ಬಡಿಸಿಕೊಂಡು, "ನೀನು ಕೆಟ್ಟ ಅಮ್ಮ" ಎನ್ನುತ್ತಿದ್ದಳು. ಎರಡು ವರ್ಷಕ್ಕೂ ಮೇಲೆ ಇದು ನಡೆಯಿತು. ಒಮ್ಮೆ ಸಹಿ ಹಾಕಿದ್ದನ್ನು ದಿನವೂ ಮತ್ತೆ ಹಾಕಿದಂತೆ.

ಬಂಧುಗಳೊಬ್ಬರು, "ಮಾಡಿಸಿದ್ದು ಒಳ್ಳೇದಾಯ್ತು. ಹೆಣ್ಣುಮಗು, ನಾಳೆ ಗಂಡಿನ ಕಡೆಯವರು ನೋಡೋಕೆ ಬರ್ತಾರಲ್ಲ" ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರು ಹೊಗಳಿದ ಕೆಲಸವೂ ನಾನು ಮಾಡಿದ ಕೆಲಸವೂ ಒಂದೇ, ಕಾರಣ ಮಾತ್ರ ಬೇರೆ. ಮಗು ಕಾಣಲೆಂದು ಮಾಡಿಸುವುದಕ್ಕೂ ಮಗು ಚೆನ್ನಾಗಿ ಕಾಣಿಸಲೆಂದು ಮಾಡಿಸುವುದಕ್ಕೂ ವ್ಯತ್ಯಾಸವಿಲ್ಲವೇ?

ಕಿವಿ ಚುಚ್ಚಿಸುವಾಗಲೂ ಮಗು ಅಳುತ್ತದೆ, ನಾವು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ. ನಾನೂ ಹಾಗೆ ಹಿಡಿದವಳೇ, ಸಂಪ್ರದಾಯವನ್ನು ಹಳಿಯುತ್ತಿಲ್ಲ. ಆದರೆ ಅಂದಿನಿಂದ ಮಗಳ ಪರವಾಗಿ ಏನನ್ನೇ ನಿರ್ಧರಿಸುವ ಮುನ್ನ ಎರಡು ಮಾತು ಕೇಳಿಕೊಳ್ಳುತ್ತೇನೆ. ಇದು ಅವಳು ದೊಡ್ಡವಳಾಗುವ ತನಕ ಕಾಯಬಲ್ಲದೇ? ಇದರಿಂದ ಅವಳ ಮುಂದಿನ ದಾರಿಗಳು ಹೆಚ್ಚುತ್ತವೆಯೇ, ಕಡಿಮೆಯಾಗುತ್ತವೆಯೇ? ಓಲೆ ಕಾಯಬಲ್ಲದು, ಕಣ್ಣು ಕಾಯದು. ಕಾಯಬಲ್ಲ ವಿಷಯದಲ್ಲಿ ಅವಳ 'ಬೇಡ'ಕ್ಕೆ ಬೆಲೆ ಕೊಡಬೇಕು. ಕಾಯದ ವಿಷಯದಲ್ಲಿ ಅವಳ ಅಳುವನ್ನು ಕೇಳಿಸಿಕೊಂಡೇ, ಅದು ಹಟವೆಂದು ಗದರದೆ, ಮಾಡಬೇಕಾದದ್ದನ್ನು ಮಾಡಬೇಕು.

ಅವಳಿಗೀಗ ಹನ್ನೊಂದು. ಎಡಗಣ್ಣು ಬಲಗಣ್ಣಿನಷ್ಟು ಚುರುಕಲ್ಲ, ಆದರೂ ಕನ್ನಡಕ ಹಾಕಿದರೆ ಪಾಠದ ಪುಸ್ತಕ ಓದುತ್ತದೆ. ಅದಕ್ಕಾಗಿ ಅವಳು ನನಗೆ ಋಣಿಯಾಗಿರಬೇಕೆಂದು ನಾನು ಬಯಸುವುದಿಲ್ಲ. ಕೇಳದೆ ಕೊಟ್ಟದ್ದಕ್ಕೆ ಸಾಲದ ಲೆಕ್ಕ ಬರೆಯಬಾರದು. ಈಗ ಕಣ್ಣಿನ ಡಾಕ್ಟರು ಹೇಳುವುದನ್ನು ಅವಳೇ ಎದುರು ಕೂತು ಕೇಳುತ್ತಾಳೆ, ಸಂದೇಹ ಬಂದರೆ ಅವಳೇ ಪ್ರಶ್ನಿಸುತ್ತಾಳೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ.