ಅಬ್ಬರದೊಳಗಿನ ಪಶ್ಚಾತ್ತಾಪ

ಹೆವಿ ಮೆಟಲ್ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಅರಚಾಟ, ಕರಿಯ ಅಂಗಿ, ತಲೆಬುರುಡೆಯ ಚಿತ್ರ ಇವಿಷ್ಟೇ ಅವರಿಗೆ ಕಾಣುವುದು. ಆದರೆ ಆ ಹಾಡುಗಳ ಮಾತಿಗೆ ಕಿವಿಗೊಟ್ಟರೆ ಅಲ್ಲಿ ಬಹಳ ಹಳೆಯದೊಂದು ಪ್ರಶ್ನೆ ಕೇಳಿಸುತ್ತದೆ: ಕೆಟ್ಟುಹೋದ ಮನುಷ್ಯನಿಗೆ ಬಿಡುಗಡೆ ಇದೆಯೇ? ಇದ್ದರೆ ಅದನ್ನು ಕೊಡುವವರು ಯಾರು?

ಈ ಸಂಗೀತದ ತವರು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ಪ್ರಾಯದಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿ ಕೊಟ್ಟವನು. 1970ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ಸೈತಾನನ ಭಕ್ತರೆಂಬ ಹೆಸರು ಅಂಟಿತು. ಹಾಡುಗಳನ್ನು ಹೆಚ್ಚಾಗಿ ಬರೆಯುತ್ತಿದ್ದ ಗೀಜರ್ ಬಟ್ಲರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. 1971ರ ಆಲ್ಬಮಿನಲ್ಲಿ ದೇವರನ್ನು ಗೇಲಿ ಮಾಡುವವರನ್ನೇ ತರಾಟೆಗೆ ತೆಗೆದುಕೊಳ್ಳುವ ಹಾಡಿದೆ. ಬೈದವರು ಅದನ್ನು ಕೇಳಿರಲಾರರು.

ನನ್ನನ್ನು ಹೆಚ್ಚು ಕಾಡಿದವನು ಅಮೆರಿಕದ ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡ್. ಅವನು ಬೆಳೆದದ್ದು, ಔಷಧಿಯನ್ನು ಒಲ್ಲದೆ ಪ್ರಾರ್ಥನೆಯಿಂದಲೇ ರೋಗ ಗುಣವಾಗುವುದೆಂದು ನಂಬುವ ಕ್ರೈಸ್ತ ಪಂಥದ ಮನೆಯಲ್ಲಿ. ತಾಯಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿನ್ನೂ ಹುಡುಗ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಮಾತಾಡುವುದು ಅಮಲುಪದಾರ್ಥ, ಮನುಷ್ಯ ಅದರ ಕೈಯ ಸೂತ್ರದ ಗೊಂಬೆ. 1991ರ ‘ದಿ ಅನ್‌ಫರ್ಗಿವನ್’ನಲ್ಲಿ, ಬಾಲ್ಯದಿಂದ ತನ್ನನ್ನು ತುಳಿದವರನ್ನು ಕ್ಷಮಿಸಲಾರದ ಮುದುಕನೊಬ್ಬ ಸಾವಿನ ಹೊಸ್ತಿಲಲ್ಲಿದ್ದಾನೆ. ಅದೇ ಹೆಸರಿನ ಎರಡನೆಯ ಹಾಡು 1997ರಲ್ಲಿ, ಮೂರನೆಯದು 2008ರಲ್ಲಿ ಬಂತು. ನಡುವೆ, 2001ರಲ್ಲಿ, ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದ್ದ. ಮೂರನೆಯ ಹಾಡಿನಲ್ಲಿ ದೂರುವ ಬೆರಳು ತನ್ನತ್ತಲೇ ತಿರುಗುತ್ತದೆ; ಕ್ಷಮೆ ಸಿಗದವನೂ ಕ್ಷಮೆ ಕೊಡದವನೂ ಒಬ್ಬನೇ.

ಇಲ್ಲೊಂದು ತೊಡಕಿದೆ. ತನ್ನನ್ನು ತಾನೇ ಕ್ಷಮಿಸಿಕೊಳ್ಳುವ ಅಧಿಕಾರ ಮನುಷ್ಯನಿಗಿದೆಯೇ? ಕುಡಿದು ಬಂದು ಹೆಂಡತಿ ಮಕ್ಕಳನ್ನು ಗೋಳಾಡಿಸಿದವನು ‘ನನ್ನನ್ನು ನಾನು ಕ್ಷಮಿಸಿದ್ದೇನೆ’ ಎಂದರೆ ಆ ಹೆಂಡತಿಗೆ ಹೇಗಾದೀತು? ಸಾಲಗಾರನೇ ಸಾಲ ಮನ್ನಾ ಮಾಡಿಕೊಂಡ ಹಾಗೆ. ಹಾಗೆಂದು ಸದಾ ತನ್ನನ್ನು ಹಳಿದುಕೊಳ್ಳುವವನಿಂದಲೂ ಅವಳಿಗೆ ಉಪಕಾರವಿಲ್ಲ. ಅಂಥವನು ಸಂಜೆಯಾಗುತ್ತಲೇ ಮತ್ತೆ ಗಡಂಗಿನತ್ತ ನಡೆಯುತ್ತಾನೆ. ಅವಳಿಗೆ ಬೇಕಾದದ್ದು ಅವನು ನಾಳೆ ಕುಡಿಯದಿರುವುದು.

ಬಸವಣ್ಣನ ವಚನಗಳಲ್ಲೂ ತನ್ನ ಮನಸ್ಸಿನ ಮೇಲೆ ತಾನೇ ದೂರು ಕೊಡುವ ದನಿ ಇದೆ. ಆದರೆ ಆ ದೂರನ್ನು ಕೇಳಲು ಕೂಡಲಸಂಗಮದೇವನಿದ್ದಾನೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಓದಿದವರಿಗೆ ಶಿಲುಬೆಯ ಅರ್ಥವೂ ಹೊಸತಲ್ಲ. ಹೆಟ್‌ಫೀಲ್ಡನ ಹಾಡಿನಲ್ಲಿ ಆ ಜಾಗ ಖಾಲಿ. ತಾಯಿಯನ್ನು ಉಳಿಸದ ನಂಬಿಕೆಯ ಮೇಲಿನ ಸಿಟ್ಟನ್ನು ಅವನು 1991ರ ಇನ್ನೊಂದು ಹಾಡಿನಲ್ಲಿ ತೀರಿಸಿಕೊಂಡಿದ್ದ. ಉಳಿದವರು ಕೇಳುಗರು. 2011ರ ಅಕ್ಟೋಬರಿನಲ್ಲಿ ಈ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸೇರಿದ ಸಾವಿರಾರು ಮಂದಿ ಅವನ ಅಳಲಿಗೆ ದನಿಗೂಡಿಸಬಲ್ಲರು, ಕ್ಷಮಿಸಲಾರರು. ಅವನು ಅವರಿಗೇನೂ ಬಾಕಿ ಇಲ್ಲ.

2019ರಲ್ಲಿ ಅವನು ಮತ್ತೆ ಚಿಕಿತ್ಸೆಗೆ ಸೇರಿದ. ಹಾಗಾದರೆ ಮೊದಲ ಬಿಡುಗಡೆ ಸುಳ್ಳೆ? ನನಗೆ ಹಾಗನಿಸುವುದಿಲ್ಲ. ಬಿದ್ದದ್ದು ಲೋಕಕ್ಕೆಲ್ಲ ತಿಳಿಯುವಂತೆ ಅದೇ ಬಾಗಿಲನ್ನು ಎರಡನೆಯ ಸಲ ತಟ್ಟಿದ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಕಾರ್ಯಕ್ರಮಗಳು ನಿಂತವು.