ಅಡ್ಡಹೆಸರು ಅಡ್ಡ ಬಂದಾಗ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಮಗ ಪೂರ್ಣಚಂದ್ರ ತೇಜಸ್ವಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಮಗ ವಾಮನ ಬೇಂದ್ರೆ. ಈ ಇಬ್ಬರು ತಂದೆಯರೂ ಮಕ್ಕಳ ಕೈಹಿಡಿದು ಇಂದಿನ ಯಾವುದಾದರೂ ವಿಮಾನ ನಿಲ್ದಾಣದಲ್ಲಿ ಪರದೇಶಕ್ಕೆ ಹೊರಟು ನಿಂತರೆನ್ನಿ. ಬೇಂದ್ರೆಯವರನ್ನು ತಡೆಯದೆ ಬಿಟ್ಟಾರು, ಪುಟ್ಟಪ್ಪನವರನ್ನು, "ನಿಮ್ಮ ಹೆಸರು ಬೇರೆ, ಹುಡುಗನ ಹೆಸರು ಬೇರೆ, ಇವನು ನಿಮ್ಮ ಮಗನೆ?" ಎಂದು ಕೇಳಿಯಾರು. ಹಾಗೆಂದು ಧಾರವಾಡದ ತಂದೆ ಹೆಚ್ಚು, ಮೈಸೂರಿನ ತಂದೆ ಕಡಮೆ ಎಂದಾಯಿತೆ? ಮೈಸೂರಿನ ಕಡೆ ಊರೂ ತಂದೆಯೂ ಮೊದಲಕ್ಷರಗಳಾಗಿ ಹೆಸರಿನ ಹಿಂದೆ ಅಡಗಿ ಕುಳಿತಿರುತ್ತಾರೆ; ಇತ್ತ ಮನೆತನದ ಹೆಸರು ಕೊನೆಯಲ್ಲಿ ರಾಜಾರೋಷವಾಗಿ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ.

ನಮ್ಮ ಮಂಠಾಳದ ಸುತ್ತಿನ ಸೀಮೆಯಲ್ಲಂತೂ ಈ ಗೊಂದಲಕ್ಕೆ ಕೊರತೆಯಿಲ್ಲ. 1956ರವರೆಗೆ ಇದು ಹೈದರಾಬಾದು ರಾಜ್ಯ. ಮರಾಠಿ ನಾಡು ಪಕ್ಕದಲ್ಲೇ. ಪಾಟೀಲ, ಕುಲಕರ್ಣಿ ಎಂಬುವು ಒಂದು ಕಾಲಕ್ಕೆ ಊರಿನ ಹುದ್ದೆಗಳು. ಹುದ್ದೆ ಹೋಯಿತು, ಹೆಸರು ಉಳಿಯಿತು. ಅಡ್ಡಹೆಸರೇ ಇಲ್ಲದವರ ಪಾಡು ಇನ್ನೊಂದು ಬಗೆ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಮಾತ್ರ ಇದ್ದವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು 2022ರ ನವೆಂಬರಿನಲ್ಲಿ ದುಬೈ, ಅಬುಧಾಬಿಗಳ ಅರಬ್ ಸಂಯುಕ್ತ ಸಂಸ್ಥಾನ ಹೇಳಿತು. ತಂದೆಯ ಹೆಸರೋ ಮನೆತನದ ಹೆಸರೋ ಎರಡನೆಯ ಪುಟದಲ್ಲಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿತು. ಎರಡನೆಯ ಪುಟದಿಂದ ಮನುಷ್ಯ ಪೂರ್ತಿಯಾಗುತ್ತಾನೆಂಬುದು ನನಗೆ ಹೊಸ ಸಂಗತಿ.

ಈ ಭಾಗದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಏಳು ವರ್ಷದ ಮಗಳನ್ನು ಕರೆದುಕೊಂಡು, ಹುಮನಾಬಾದಿನ ದಾರಿ ಹಿಡಿದು, ಶಂಷಾಬಾದಿನಲ್ಲಿ ವಿಮಾನ ಹತ್ತಿ ಗಂಡನಿದ್ದ ದೇಶಕ್ಕೆ ಹೋದಳು. ಅವಳ ಪಾಸ್‌ಪೋರ್ಟು ಮದುವೆಗೆ ಮುಂಚಿನದು, ಹೆಸರಿನ ಕೊನೆಗೆ ತಂದೆಯ ಹೆಸರು. ಮಗಳು 'ಪಾಟೀಲ'. ಇಳಿದ ಕಡೆ ಗಾಜಿನ ಹಿಂದಿನ ಅಧಿಕಾರಿ ತಾಯಿಯನ್ನು ಬಿಟ್ಟು ಮಗುವನ್ನೇ ಕೇಳಿದ: "ಜೊತೆಗಿರುವವರು ಯಾರು?" ಮಗು ತಾಯಿಯ ಮುಖ ನೋಡಿತು, ಹೇಳಬಹುದೋ ಬಾರದೋ ತಿಳಿಯದೆ ಸುಮ್ಮನಾಯಿತು. ಕೊನೆಯ ಪುಟದಲ್ಲಿ ತಾಯಿಯ ಹೆಸರು ಅಚ್ಚಾಗಿತ್ತು, ಕೈಚೀಲದಲ್ಲಿ ಜನನಪತ್ರವಿತ್ತು. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. "ಆ ಎರಡು ನಿಮಿಷ ನಾ ಮಕ್ಕಳ ಕಳ್ಳಿ ಆಗಿದ್ದೆರಿ, ಸರ್" ಎಂದಳು.

ಅವಳ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಅಧಿಕಾರಿಯನ್ನು ನಾನು ಬೈಯಲಾರೆ. ಜಗಳವಾಡಿದ ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಸದೆ ಮಗುವನ್ನು ದೇಶ ದಾಟಿಸುವುದು ಎಲ್ಲೆಡೆ ನಡೆಯುತ್ತದೆ. ಹಾಗೆ ಒಯ್ದ ಮಕ್ಕಳನ್ನು ಬೇಗ ಹಿಂದಕ್ಕೆ ಕಳಿಸಬೇಕೆಂದೇ 1980ರಲ್ಲಿ ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿಲ್ಲ. ಗಡಿ ದಾಟಿದ ಮಗುವನ್ನು ತಿರುಗಿ ತರುವುದೆಂದರೆ ವರ್ಷಗಟ್ಟಲೆ ಕೋರ್ಟು ಅಲೆಯುವ ಮಾತು. ಮಗು ತನ್ನ ಪರವಾಗಿ ತಾನೇ ಮಾತಾಡಲಾರದು. ಅದರ ಪರವಾಗಿ ಅಪರಿಚಿತನೊಬ್ಬ ಎರಡು ನಿಮಿಷ ಅನುಮಾನಪಟ್ಟರೆ ಅದು ತಾಯಿಯ ಮರ್ಯಾದೆಗಿಂತ ದೊಡ್ಡ ಕೆಲಸವೇ ಸರಿ.

ನನ್ನ ತಕರಾರು ಬೇರೆ. ಹೆಂಡತಿಗೆ ಹೇಳದೆ ಮಗುವನ್ನು ಹೊತ್ತೊಯ್ಯುವ ತಂದೆಯ ಅಡ್ಡಹೆಸರು ಸಾಮಾನ್ಯವಾಗಿ ಮಗುವಿನದೇ ಆಗಿರುತ್ತದೆ. ಹೆಸರು ನೋಡಿ ಹಾಕುವ ಬಲೆಯಲ್ಲಿ ಅವನು ಸಿಕ್ಕುವುದಿಲ್ಲ. ಹೆತ್ತು ಸಾಕಿದವಳು ಸಿಕ್ಕುತ್ತಾಳೆ. ಅಂದರೆ ಅಲ್ಲಿ ಕೇಳುತ್ತಿರುವುದು "ಈ ಮಗು ಯಾರ ಆಸರೆಯಲ್ಲಿದೆ?" ಎಂದಲ್ಲ, "ಯಾರ ಮುದ್ರೆ ಇದರ ಮೇಲಿದೆ?" ಎಂದು. ದನಕ್ಕೆ ಕೇಳುವ ಪ್ರಶ್ನೆ ಇದು.

ಇದನ್ನು ಪರದೇಶದವರ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಹಿಂದೂ ಅಪ್ರಾಪ್ತವಯಸ್ಕರ ಪಾಲನೆಯ ನಮ್ಮ 1956ರ ಕಾಯಿದೆ ಮಗುವಿನ ಸಹಜ ಪಾಲಕ ತಂದೆ, 'ಅವನ ನಂತರ' ತಾಯಿ ಎನ್ನುತ್ತದೆ. ಕಾದಂಬರಿಗಾರ್ತಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ಹೋದಾಗ ತಾಯಿಯ ಸಹಿ ಸಾಲದೆಂದು ರಿಸರ್ವ್ ಬ್ಯಾಂಕು ಹೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ಕೋರ್ಟು, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದೇ ಅಲ್ಲ, ಅವನು ಮಗುವಿನ ಹೊಣೆ ಹೊರದೆ ದೂರ ಉಳಿದಾಗ ಎಂದೂ ಆಗುತ್ತದೆ ಎಂದಿತು. ಶಬ್ದಾರ್ಥ ಹೇಳಿಯೇ ಹೊಟ್ಟೆ ಹೊರೆಯುವ ನಾನು ಆ ಪದಕ್ಕೆ ಇಷ್ಟು ಕರುಣೆಯ ಅರ್ಥವನ್ನು ಯಾವ ನಿಘಂಟಿನಲ್ಲೂ ಕಂಡಿಲ್ಲ. ಆದರೆ ಕಾಯಿದೆಯ ಸಾಲಿನಲ್ಲಿ ತಾಯಿ ಇಂದಿಗೂ ಎರಡನೆಯವಳೇ. 2022ರಲ್ಲಿ ಅದೇ ಕೋರ್ಟು ಮರುಮದುವೆಯಾದ ವಿಧವೆಯೊಬ್ಬಳ ಪರವಾಗಿ, ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕು ಅವಳದೆಂದು ಹೇಳಿತು. ದಾಖಲೆಯಲ್ಲಿ ಎರಡನೆಯ ಗಂಡನನ್ನು 'ಮಲತಂದೆ' ಎಂದು ಬರೆಸಬೇಕೆಂದಿದ್ದ ಕೆಳಗಿನ ಆಜ್ಞೆಯನ್ನು, ಅದು ಮಗುವಿನ ಮನಸ್ಸಿಗೆ ಕ್ರೂರವೆಂದು ತಳ್ಳಿಹಾಕಿತು. ಹೆಸರಿನ ಜಗಳದಲ್ಲಿ ಮಗುವಿನ ಮನಸ್ಸನ್ನು ಯಾರಾದರೂ ನೆನೆದರಲ್ಲ ಎಂದು ನನಗೆ ಸಮಾಧಾನ.

ನನ್ನ ವಿದ್ಯಾರ್ಥಿನಿಗೆ ಬಂಧುಗಳೆಲ್ಲ ಹೇಳಿದ್ದು ಒಂದೇ: "ನೀನೂ ಪಾಟೀಲ ಅಂತ ಬರೆಸಿಕೊಂಬಿಡವ್ವ, ತೊಂದರೆನೇ ಇರೂದಿಲ್ಲ." ಸುಲಭವಾದ ದಾರಿ ಹೌದು. ಮಂಠಾಳಕ್ಕೆ ಹತ್ತಿರದ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನೂ ಆಯ್ದಕ್ಕಿ ಲಕ್ಕಮ್ಮನೂ ಇದ್ದರು. ಗಂಡಹೆಂಡಿರಿಗೆ ಒಂದೇ ಹೆಸರು. ಆದರೆ ಅದು ಮಾವನ ಮನೆಯಿಂದ ಬಂದದ್ದಲ್ಲ, ಚೆಲ್ಲಿದ ಅಕ್ಕಿ ಆಯುವ ಕಾಯಕದಿಂದ ಬಂದದ್ದು. ಅಂಥ ಹೆಸರಾದರೆ ಹಂಚಿಕೊಳ್ಳಲಿ. ಅಧಿಕಾರಿಯ ಅನುಕೂಲಕ್ಕಾಗಿ ಮೂವತ್ತು ವರ್ಷ ಹೊತ್ತ ಹೆಸರನ್ನು ಬಿಡು ಎಂದು ನಾನು ಹೇಳಲಿಲ್ಲ. ಜನನಪತ್ರ, ಮದುವೆಯ ಪತ್ರ, ನೋಟರಿಯ ಮುಂದೆ ಗಂಡ ಬರೆದುಕೊಟ್ಟ ಒಪ್ಪಿಗೆ, ಇಷ್ಟನ್ನು ಚೀಲದಲ್ಲಿಟ್ಟುಕೋ ಎಂದೆ. ಗಂಡನೊಬ್ಬನೇ ಮಗಳನ್ನು ಕರೆದುಕೊಂಡು ಬರುವಾಗ ಅವನ ಜೇಬಿನಲ್ಲೂ ಅವಳ ಒಪ್ಪಿಗೆಯ ಪತ್ರ ಇರಲಿ, ಯಾರೂ ಕೇಳದಿದ್ದರೂ ಇರಲಿ ಎಂದೂ ಹೇಳಿದೆ.