ಮರೆತರೆ ಕ್ಷಮಿಸಿದಂತಾಗುವುದೇ?

ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿಗಿಳಿಯುವ ನಮಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹೊಸದಲ್ಲ. ಇಲಿಜ್ವರ ಬಾರದಿರಲೆಂದು ಆರೋಗ್ಯ ಕೇಂದ್ರದವರು ವಾರಕ್ಕೊಮ್ಮೆ ನುಂಗಲು ಕೊಡುವ ಮಾತ್ರೆ ಅದು. ಅದೇ ಔಷಧ ಮೆದುಳಿನ ಸಂಶೋಧನೆಯಲ್ಲಿ ಬೇರೊಂದು ಕೆಲಸಕ್ಕೆ ಬಳಕೆಯಾಗುತ್ತಿದೆ: ಇಲಿಗಳ ವಂಶವಾಹಿಗಳನ್ನು ದೀಪದಂತೆ ಆರಿಸುವ, ಹೊತ್ತಿಸುವ ಕೆಲಸ.

1992ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮಾನ್‌ಫ್ರೆಡ್ ಗಾಸೆನ್ ಮತ್ತು ಹರ್ಮನ್ ಬುಯಾರ್ಡ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನು ಬಳಸಿ ಈ ಸ್ವಿಚ್ಚನ್ನು ರೂಪಿಸಿದರು. ಇದನ್ನು ಹುಟ್ಟಿನಿಂದಲೇ ಹೊಂದಿರುವಂತೆ ಬೆಳೆಸಿದ ಇಲಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಆಯ್ದ ವಂಶವಾಹಿ ಸುಮ್ಮನಾಗುತ್ತದೆ. ನಿಲ್ಲಿಸಿದರೆ ಮತ್ತೆ ಕೆಲಸಕ್ಕೆ ತೊಡಗುತ್ತದೆ. ನಮ್ಮ ದೇಹದಲ್ಲಿ ಅಂಥ ಸ್ವಿಚ್ಚಿಲ್ಲ. ನಾವು ನುಂಗುವ ಮಾತ್ರೆಗೆ ಹೆದರಬೇಕಾಗಿಲ್ಲ.

2000ದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವೊಂದು, ಹಂಟಿಂಗ್ಟನ್ ಎಂಬ ಆನುವಂಶಿಕ ಮೆದುಳಿನ ಕಾಯಿಲೆಗೆ ಕಾರಣವಾಗುವ ವಂಶವಾಹಿಯನ್ನು ಇಲಿಗಳಲ್ಲಿ ಹೀಗೆ ಆರಿಸಿತು. ಮೆದುಳಿನಲ್ಲಿ ಕಟ್ಟಿದ್ದ ಪ್ರೋಟೀನಿನ ಗಂಟುಗಳು ಕರಗಿದವು. ಕೈಕಾಲುಗಳ ಚಲನೆ ಸುಧಾರಿಸಿತು. 2013ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸುಸುಮು ಟೊನೆಗಾವಾ ಅವರ ತಂಡ ಇದೇ ಔಷಧದ ಸಹಾಯದಿಂದ ನೆನಪೊಂದನ್ನು ಹೊತ್ತ ಮೆದುಳಿನ ಕೋಶಗಳನ್ನು ಗುರುತಿಸಿತು. ಬೇರೆಡೆ ಇಲಿಗೆ ವಿದ್ಯುತ್ ಆಘಾತ ಕೊಡುವಾಗ ಬೆಳಕಿನಿಂದ ಆ ಕೋಶಗಳನ್ನು ಎಬ್ಬಿಸಿತು. ಆಮೇಲೆ ಆ ಇಲಿ, ತನಗೆ ಯಾವ ಕೆಡುಕೂ ಆಗದಿದ್ದ ಪೆಟ್ಟಿಗೆಯಲ್ಲೇ ಹೆದರಿ ಮುದುಡಿತು.

ಕಿರುಸಮುದಾಯದ ಕೂಟದಲ್ಲಿ ಈ ಮಾತು ಬಂದಾಗ ಒಬ್ಬ ತಾಯಿ ಕೇಳಿದರು: “ಜಾಗದ ವಿಷಯದಲ್ಲಿ ನನ್ನ ತಮ್ಮ ಮಾಡಿದ್ದನ್ನು ಮರೆಸುವ ಮಾತ್ರೆಯೂ ಬರಬಹುದಾ? ಬಂದರೆ ನಾನು ತೆಗೆದುಕೊಳ್ಳುತ್ತೇನೆ.” ನಾವು ಯಾರೂ ನಗಲಿಲ್ಲ.

ರೋಗ ವಾಸಿಮಾಡುವುದು ಪ್ರಭು ಯೇಸುವೇ ಮಾಡಿದ ಕಾರ್ಯ. ಮನುಷ್ಯರ ಜೀವ ಉಳಿಸಲು ಮಿತಿಯೊಳಗೆ, ವೃಥಾ ಹಿಂಸಿಸದೆ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದನ್ನು ಧರ್ಮಸಭೆ ಒಪ್ಪುತ್ತದೆ. ನಿದ್ದೆಗೆಡಿಸಿ, ಬದುಕನ್ನೇ ನಡೆಸಲು ಬಿಡದ ಭಯಾನಕ ನೆನಪಿಗೆ ಚಿಕಿತ್ಸೆ ಪಡೆಯುವುದೂ ತಪ್ಪಲ್ಲ. ಆದರೆ ಆ ತಾಯಿಯ ನೋವು ಕಾಯಿಲೆಯಲ್ಲ. ಅದು ಇಬ್ಬರ ನಡುವಿನ ಲೆಕ್ಕ. ಅಕ್ಕ ಮರೆತುಬಿಟ್ಟರೆ ತಮ್ಮನ ತಪ್ಪು ಅಳಿಯುವುದಿಲ್ಲ. ಮುಂದೊಂದು ದಿನ ಅವನಿಗೆ ಪಶ್ಚಾತ್ತಾಪವಾದರೆ ಯಾರ ಬಳಿ ಹೋಗಬೇಕು? ಅವನನ್ನು ಕ್ಷಮಿಸಬಲ್ಲ ಒಬ್ಬಳೇ ಅಕ್ಕನಿಗೆ ಏನೂ ನೆನಪಿರುವುದಿಲ್ಲ.

ಈಜಿಪ್ಟಿನಲ್ಲಿ ಜೋಸೆಫನು ತನ್ನ ಕಷ್ಟವನ್ನೆಲ್ಲ ದೇವರು ಮರೆಯಿಸಿದರೆಂದು ಚೊಚ್ಚಲ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟ. ಆದರೂ ಅಣ್ಣಂದಿರು ಧಾನ್ಯಕ್ಕಾಗಿ ಬಂದು ನಿಂತಾಗ ಅವರ ಗುರುತು ಹಿಡಿದ. ತನ್ನನ್ನು ಮಾರಿದವರು ಅವರೇ ಎಂಬುದನ್ನು ಬಾಯಿಬಿಟ್ಟು ಹೇಳಿಯೇ ಅವರನ್ನು ಅಪ್ಪಿಕೊಂಡು ಅತ್ತ. ವಿಷ ಇಳಿದಿತ್ತು, ನೆನಪು ಉಳಿದಿತ್ತು. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲೂ ಗಾಯದ ಗುರುತು ಹಾಗೆಯೇ ಇತ್ತು. ಆ ಕೈಗಳನ್ನು ತೋರಿಸಿಯೇ ಅವರು ಶಿಷ್ಯರಿಗೆ ಶಾಂತಿಯನ್ನು ಕೊಟ್ಟರು.

ಆ ತಾಯಿ ತಮ್ಮನ ಮನೆಗೆ ಇನ್ನೂ ಹೋಗಿಲ್ಲ. ಕಳೆದ ವಾರದ ಕೂಟದಲ್ಲಿ ಮಾತ್ರ, ಅವನ ಹೆಸರನ್ನೂ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ ಎಂದರು. ನಾವು ಸೇರಿಸಿಕೊಂಡೆವು.